ಪರ್ಮನೆಂಟ್ ಆಗದ ಭಾವ

ಧಾರಾವಾಹಿ ನೋಡುವುದಿಲ್ಲ ಎಂದು ಹೇಳಿಕೊಳ್ಳುವವರ ಪಂಗಡಕ್ಕೆ ಸೇರಿದವನು ನಾನು. ಈ ಪಂಗಡದ ವಿಶೇಷವೆಂದರೆ ನಮಗೆ ಎಲ್ಲ ಧಾರಾವಾಹಿಗಳ ಕಥೆಯೂ ಗೊತ್ತಿರುತ್ತದೆ. ಸಂಜೆ ನನ್ನ ಹೆಂಡತಿ ಸರೋಜ ಟೀವಿ ಮುಂದೆ ಕೂತಾಗ ನಾನು ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಬಿಡಿಸಿಕೊಂಡು ಕೂರುತ್ತೇನೆ. ಬೆಳಿಗ್ಗೆಯೇ ಓದಿ ಮುಗಿಸಿದ ಪತ್ರಿಕೆ ಅದು. ಪುಟ ಮಗುಚುವುದು ಜಾಹೀರಾತು ಬಂದಾಗ ಮಾತ್ರ. ಇದು ಸರೋಜಳಿಗೆ ಗೊತ್ತಿದೆ. ಆದರೂ ಚಿಂತಾಮಣಿಯ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನ ಮರ್ಯಾದೆಯನ್ನು ಮನೆಯೊಳಗಾದರೂ ಕಾಪಾಡೋಣವೆಂದು ಅವಳು ಸುಮ್ಮನಿದ್ದಾಳೆ.

ನಮ್ಮ ಬೀದಿಯಲ್ಲಿ ಧಾರಾವಾಹಿಗಳಿಗೆ ಹೆಸರಿಲ್ಲ, ಹೊತ್ತು ಮಾತ್ರ ಇದೆ. ‘ಏಳೂವರೆಯದು ಮುಗೀತಾ?’ ‘ಎಂಟು ಗಂಟೆಯದರಲ್ಲಿ ನಿನ್ನೆ ಏನಾಯ್ತು?’ ಹೀಗೆ. ನಾನು ಹೇಳಹೊರಟಿರುವುದು ಎಂಟು ಗಂಟೆಯದರ ಬಗ್ಗೆ. ಅದು ಎಷ್ಟು ವರ್ಷದಿಂದ ನಡೆಯುತ್ತಿದೆಯೆಂದರೆ, ಶುರುವಿನಲ್ಲಿ ತೊಟ್ಟಿಲಲ್ಲಿದ್ದ ಮಗು ಈಗ ಅತ್ತೆಯ ವಿರುದ್ಧ ಪಿತೂರಿ ಮಾಡುತ್ತಿದೆ. ಮುಖ್ಯ ಪಾತ್ರಗಳೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಅವರ ನಡುವೆ ಆಗಾಗ ಒಬ್ಬ ಡಾಕ್ಟರು, ಒಬ್ಬ ಪೊಲೀಸು, ಒಬ್ಬ ವಕೀಲ ಬಂದು ಹೋಗುತ್ತಿರುತ್ತಾರೆ. ಕಥೆಗೆ ಕಷ್ಟ ಬಂದಾಗ ಬರುವ ನೆಂಟರು ಇವರು. ಒಂದು ವಾರ ಇದ್ದು, ಕಷ್ಟವನ್ನು ಸ್ವಲ್ಪ ಹೆಚ್ಚು ಮಾಡಿ ಹೊರಡುತ್ತಾರೆ.

ಒಂದು ಸಂಜೆ ಮನೆಯ ಯಜಮಾನರಿಗೆ ಎದೆನೋವು ಬಂದಾಗ ಡಾಕ್ಟರೊಬ್ಬರು ಕನ್ನಡಕ ತೆಗೆದು, ‘ನಮ್ಮ ಕೈಲಾದ್ದು ಮಾಡಿದ್ದೀವಿ, ಇನ್ನು ದೇವರ ಮೇಲೆ ಭಾರ ಹಾಕಿ’ ಎಂದರು. ಕೆಲವು ತಿಂಗಳ ನಂತರ ಅದೇ ಮನೆಗೆ ಒಬ್ಬ ಇನ್ಸ್‌ಪೆಕ್ಟರ್ ಬಂದು ನಾಯಕನಿಗೆ ಬೇಡಿ ಹಾಕಿದ. ಕನ್ನಡಕ ಹೋಗಿ ಮೀಸೆ ಬಂದಿತ್ತು, ಅಷ್ಟೇ. ಮಿಕ್ಕ ಮುಖವೆಲ್ಲ ಡಾಕ್ಟರದೇ. ಮುಂದೆ ಅದೇ ಮುಖ ಕರಿಕೋಟು ಹಾಕಿಕೊಂಡು ಬಂದು ತಾತನ ಉಯಿಲು ಓದಿತು. ಆಮೇಲೆ ಪುರೋಹಿತನಾಗಿ ಪಂಚಾಂಗ ಹಿಡಿದು ಬಂದು, ಮಂಟಪದಲ್ಲೇ ಮದುವೆ ನಿಲ್ಲಿಸಿತು. ನಾಯಕಿ ಆ ಪುರೋಹಿತನ ಕಾಲಿಗೆ ಬಿದ್ದಳು. ತನ್ನ ಮಾವನ ಭಾರವನ್ನು ದೇವರ ಮೇಲೆ ಹಾಕಿ, ಗಂಡನನ್ನು ಸ್ಟೇಷನ್ನಿಗೆ ಎಳೆದೊಯ್ದವನು ಇವನೇ ಎಂದು ಅವಳಿಗೆ ಅನ್ನಿಸಲೇ ಇಲ್ಲ.

‘ಇವಳಿಗೆ ಗುರುತು ಸಿಗಲ್ವೇನೇ?’ ಎಂದು ನಾನು ಪತ್ರಿಕೆಯ ಹಿಂದಿನಿಂದ ಕೇಳಿದೆ.

‘ಕಣ್ತುಂಬಾ ನೀರಿಟ್ಕೊಂಡವಳಿಗೆ ಮುಖ ಎಲ್ಲಿ ಕಾಣ್ಸುತ್ತೆ, ಸುಮ್ನಿರಿ’ ಎಂದಳು ಸರೋಜ.

ಇಷ್ಟೊಂದು ತಲೆ ಕೆಡಿಸಿಕೊಳ್ಳಲು ನನಗೆ ಬೇರೆ ಕಾರಣವಿತ್ತು. ಆ ಡಾಕ್ಟರು, ಆ ಇನ್ಸ್‌ಪೆಕ್ಟರು, ಆ ವಕೀಲ, ಆ ಪುರೋಹಿತ ನಾಲ್ವರೂ ನನ್ನ ಅಕ್ಕನ ಗಂಡ. ಹೆಸರು ರಾಮಚಂದ್ರಪ್ಪ. ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ತೋಟವಿದೆ, ರೇಷ್ಮೆಹುಳು ಸಾಕುತ್ತಾರೆ. ವಯಸ್ಸಿನಲ್ಲಿ ಹಳ್ಳಿ ನಾಟಕಗಳಲ್ಲಿ ಬಣ್ಣ ಹಚ್ಚಿದವರು. ಎಂಟು ಗಂಟೆಯದರ ಮನೆ ಇರುವುದು ಚಿಕ್ಕಬಳ್ಳಾಪುರದ ಹೊರಗೆ, ಬಾಡಿಗೆಗೆ ಕೊಟ್ಟ ಒಂದು ಬಂಗಲೆಯಲ್ಲಿ. ಭಾವ ಒಮ್ಮೆ ಶೂಟಿಂಗ್ ನೋಡಲು ಹೋಗಿದ್ದಾಗ ಡಾಕ್ಟರ ಪಾತ್ರದವನು ಬಂದಿರಲಿಲ್ಲವಂತೆ. ಬಿಳಿ ಕೋಟು ಶೂಟಿಂಗಿನವರ ಹತ್ತಿರ ಇತ್ತು, ಅದಕ್ಕೆ ಹೊಂದುವ ಹೊಟ್ಟೆ ಭಾವನ ಹತ್ತಿರ ಇತ್ತು. ಅಲ್ಲಿಂದ ಶುರುವಾಯಿತು. ಕರೆ ಬಂದರೆ ಭಾವ ಹೊರಟೇಬಿಡುತ್ತಾರೆ. ಅದು ಬರುವುದು ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕಾದ ದಿನವೇ. ‘ಅಲ್ಲಿ ಯಾರನ್ನೋ ಅರೆಸ್ಟ್ ಮಾಡಕ್ಕೆ ಹೋಗಿದ್ದಾರೆ, ಇಲ್ಲಿ ಹುಳ ಎತ್ತಕ್ಕೆ ಜನ ಇಲ್ಲ’ ಎಂದು ಅಕ್ಕ ಫೋನಿನಲ್ಲಿ ನನ್ನ ಮೇಲೆ ರೇಗುತ್ತಾಳೆ. ಭಾವನ ಮೇಲೆ ರೇಗುವುದಕ್ಕೆ ಅವರು ಮನೆಯಲ್ಲಿ ಇರುವುದಿಲ್ಲವಲ್ಲ.

ಒಬ್ಬನೇ ಹಲವು ವೇಷದಲ್ಲಿ ಬರುವುದು ಹೊಸದೇನಲ್ಲ ಎಂದು ನಾನು ಇತಿಹಾಸದವನಾದ್ದರಿಂದ ಹೇಳಬೇಕಾಗುತ್ತದೆ. ದೇವರೇ ಮೀನಾಗಿ, ಆಮೆಯಾಗಿ, ಹಂದಿಯಾಗಿ ಬಂದರೂ ‘ಹೋದ ಸಲದ ಮೀನು ನೀನೇ ಅಲ್ಲವೇ’ ಎಂದು ಯಾರೂ ಅಡ್ಡಗಟ್ಟಲಿಲ್ಲ. ನಮ್ಮೂರ ನಾಟಕದಲ್ಲಿ ಮೊದಲ ಅಂಕಕ್ಕೆ ರಾಕ್ಷಸನಾಗಿ ಸತ್ತವನು ಪರದೆ ಹಿಂದೆ ಮುಖ ತೊಳೆದುಕೊಂಡು ಮೂರನೇ ಅಂಕಕ್ಕೆ ಋಷಿಯಾಗಿ ಬರುತ್ತಿದ್ದ. ಜನ ಕೈಮುಗಿಯುತ್ತಿದ್ದರು. ಅಷ್ಟೇಕೆ, ಚಿಂತಾಮಣಿಯಂಥ ಊರಿನಲ್ಲಿ ಜೀವನವೂ ಹೀಗೆಯೇ ನಡೆಯುತ್ತದೆ. ಪಾತ್ರಗಳು ಬಹಳ, ಜನ ಕಡಿಮೆ. ನನಗೆ ಹೈಸ್ಕೂಲಿನಲ್ಲಿ ಲೆಕ್ಕಕ್ಕೆ ಹೊಡೆದ ಮೇಷ್ಟ್ರು ಮುಂದೆ ವಿಮೆ ಏಜೆಂಟಾಗಿ ಬಂದು ನನ್ನ ಆಯುಸ್ಸಿನ ಬಗ್ಗೆ ಕಾಳಜಿ ತೋರಿಸಿದರು. ಆಮೇಲೆ ಮನೆ ಪಕ್ಕದ ಗೋಡೆ ಜಗಳದಲ್ಲಿ ಎದುರು ಪಾರ್ಟಿಯ ಪರವಾಗಿ ಬಂದು ಕೂತರು. ಪ್ರತಿ ಸಲವೂ ನಾನು ನಾಯಕಿಯ ಹಾಗೆ, ಇವರನ್ನು ಈಗಷ್ಟೇ ನೋಡುತ್ತಿರುವವನಂತೆ ಮಾತಾಡಿದ್ದೇನೆ. ಹಾಗೆ ಮಾಡದಿದ್ದರೆ ಸಣ್ಣ ಊರಿನಲ್ಲಿ ಬಾಳುವುದು ಕಷ್ಟ.

ಈ ಮರೆವಿನ ಒಪ್ಪಂದಕ್ಕೆ ಸಹಿ ಹಾಕದ ಒಬ್ಬ ಹೆಂಗಸು ಗೌರಿಬಿದನೂರಿನ ಕಡೆ ಇದ್ದಾರೆಂದು ನನಗೆ ತಿಳಿದದ್ದು ಹೋದ ವರ್ಷ.

ಭಾವನ ಮಗಳು ಚೈತ್ರ ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅದೇ ಶಾಲೆಯಲ್ಲಿ ವಿಜ್ಞಾನ ಹೇಳುವ ಮಂಜುನಾಥ ಗೌರಿಬಿದನೂರಿನ ಪಕ್ಕದ ಹಳ್ಳಿಯವನು. ಇಬ್ಬರೂ ಒಪ್ಪಿಕೊಂಡಾಗಿತ್ತು. ದೊಡ್ಡವರು ಬಂದು, ತಾವೇ ಕಂಡುಹಿಡಿದ ಸಂಬಂಧ ಎಂಬಂತೆ ನೋಡಿ ಹೋಗುವುದೊಂದು ಬಾಕಿ. ಜಾತಿ, ಜಾತಕ, ಜಮೀನು ಯಾವುದರಲ್ಲೂ ತೊಡಕಿರಲಿಲ್ಲ. ಆದರೂ ಅವರು ಬರುವ ಹಿಂದಿನ ದಿನ ಚೈತ್ರ ನನಗೆ ಫೋನ್ ಮಾಡಿದಳು. ‘ಮಾಮ, ಅವರ ಮನೇಲಿ ಅಜ್ಜಿ ಹೇಳಿದ್ದೇ ಆಖೈರು. ನೀವು ಪಕ್ಕದಲ್ಲೇ ಇರಿ. ಇದು ಕೆಟ್ರೆ ನಾನು ಇನ್ಯಾರಿಗೂ ಕಾಫಿ ತಂದುಕೊಡಲ್ಲ, ಈಗಲೇ ಹೇಳಿದೀನಿ.’ ಆ ಹುಡುಗಿಯನ್ನು ನಾನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಚುಚ್ಚಿಸಿದವನು. ಪಕ್ಕದಲ್ಲೇ ಕೂರುತ್ತೇನೆಂದು ಮಾತು ಕೊಟ್ಟೆ.

ಗಂಡಿನ ಕಡೆಯವರು ಶಿಡ್ಲಘಟ್ಟಕ್ಕೆ ಬಂದರು. ನಡುವೆ ಅಜ್ಜಿ ನಂಜಮ್ಮ, ಸಣ್ಣಗೆ, ನೆಟ್ಟಗೆ ಕೂತಿದ್ದರು. ಹುಡುಗನ ಅಪ್ಪ ನೀರು ಕುಡಿಯುವ ಮೊದಲೂ ಅವರ ಮುಖ ನೋಡುತ್ತಿದ್ದರು. ಭಾವ ರೇಷ್ಮೆ ಪಂಚೆ ಉಟ್ಟು ಕೈಮುಗಿದುಕೊಂಡು ಒಳಗಿನಿಂದ ಬಂದರು. ಅಜ್ಜಿಯ ಕೈಯಲ್ಲಿದ್ದ ಕೇಸರಿಬಾತಿನ ಚಮಚ ಅಲ್ಲೇ ನಿಂತಿತು. ಅವರು ಭಾವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಟ್ಟೆ ಕೆಳಗಿಟ್ಟು, ‘ಹುಡುಗಿ ಸೋದರಮಾವ ಯಾರಪ್ಪ?’ ಎಂದರು. ನಾನು ಎದ್ದೆ. ಅವರು ನನ್ನನ್ನು ಹೊರಗೆ ಜಗಲಿಗೆ ಕರೆದುಕೊಂಡು ಹೋದರು.

‘ನಿಜ ಹೇಳಪ್ಪ. ನಿಮ್ ಭಾವ ಯಾಕೆ ಒಂದು ಕೆಲಸದಲ್ಲೂ ನಿಲ್ಲಲ್ಲ?’

‘ಯಾವ ಕೆಲಸ ಅಜ್ಜಿ?’

‘ಡಾಕ್ಟರಾಗಿದ್ರು, ಬಿಟ್ರು. ಇನ್ಸ್‌ಪೆಕ್ಟ್ರಾದ್ರು, ಬಿಟ್ರು. ಲಾಯರ್ ಆದ್ರು, ಅದೂ ಬಿಟ್ರು. ಈಗ ಐನೋರು.’

ನಾನು ನಿಟ್ಟುಸಿರು ಬಿಟ್ಟೆ. ‘ಅಜ್ಜಿ, ಅದೆಲ್ಲ ಧಾರಾವಾಹಿ. ಬರೀ ಆಕ್ಟಿಂಗು.’

‘ಆಕ್ಟಿಂಗು ಅಂತ ನಂಗೊತ್ತಿಲ್ವೇನಪ್ಪ? ನಾನೇನು ಅಷ್ಟು ದಡ್ಡಿನಾ?’ ಎಂದರು ಅವರು, ಪಾಪ ಈ ಮೇಷ್ಟ್ರಿಗೆ ಎಷ್ಟು ಬಿಡಿಸಿ ಹೇಳಬೇಕೋ ಎನ್ನುವಂತೆ. ‘ಆಕ್ಟಿಂಗಲ್ಲೇ ನಿಲ್ತಿಲ್ವಲ್ಲ ಅಂತ ನಾನು ಕೇಳ್ತಿರೋದು. ಆ ಮನೆ ಯಜಮಾನ ಮೊದಲಿಂದ ಯಜಮಾನನೇ. ಅಡುಗೆಯವಳು ಮೊದಲಿಂದ ಅಡುಗೆಯವಳೇ. ಇವರನ್ನ ಮಾತ್ರ ಯಾಕೆ ಪರ್ಮನೆಂಟ್ ಮಾಡಿಲ್ಲ? ಏನೋ ಐಬು ಇಲ್ದೆ ಹಿಂಗೆ ಮಾಡ್ತಾರಾ?’

ನಮ್ಮ ಕಡೆ ಸಂಬಂಧ ಬೆಳೆಸುವಾಗ ಕೆಲಸ ಏನು ಎಂದು ಕೇಳಿ, ಅದೇ ಉಸಿರಿನಲ್ಲಿ ಪರ್ಮನೆಂಟಾ ಎಂದು ಕೇಳುತ್ತಾರೆ. ತೋಟ ಇದ್ದರೂ ಕೇಳುತ್ತಾರೆ. ಇತಿಹಾಸದ ಎಂ.ಎ. ಮಾಡಿದ ನನಗೂ ನನ್ನ ಮಾವನವರು ಕೇಳಿದ್ದು ಇದೊಂದೇ ಪ್ರಶ್ನೆ. ಅಜ್ಜಿ ಒಳಗೆ ಹೋಗಿ ಮಗನಿಗೆ ಕಣ್ಸನ್ನೆ ಮಾಡಿದರು. ‘ಊರಿಗೆ ಹೋಗಿ ಹೇಳಿ ಕಳಿಸ್ತೀವಿ’ ಎಂದು ಅವರು ಹೊರಟುಹೋದರು. ಆ ಮಾತಿನ ಅರ್ಥ ಗೊತ್ತಿಲ್ಲದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಚೈತ್ರ ಕಾಫಿ ಲೋಟಗಳನ್ನು ತೊಳೆಯುತ್ತ ಹಿತ್ತಲಲ್ಲೇ ನಿಂತಳು, ಒಳಗೆ ಬರಲಿಲ್ಲ.

ಕಾರಣ ತಿಳಿದ ಮೇಲೆ ಅಕ್ಕ ಒಂದು ವಾರ ಭಾವನ ಜೊತೆ ಹುಳುವಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಭಾವ ಮೆತ್ತಗಾದರು. ಕೊನೆಗೆ ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿ, ‘ಬಾರಯ್ಯ ಮೂರ್ತಿ, ಪರ್ಮನೆಂಟ್ ಮಾಡ್ತಾರಾ ಕೇಳಣ’ ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಮಗಳಿಗಾಗಿ ಅವರು ಯಾರ ಮುಂದೆ ಬೇಕಾದರೂ ಕೈಚಾಚಲು ಸಿದ್ಧರಿದ್ದರು.

ಚಿಕ್ಕಬಳ್ಳಾಪುರದ ಶೂಟಿಂಗ್ ಬಂಗಲೆಯ ಹಿಂದೆ, ಊಟದ ಪಾತ್ರೆಗಳ ಪಕ್ಕದಲ್ಲಿ ಮ್ಯಾನೇಜರು ಸಿಕ್ಕಿದ. ಭಾವ ವಿಷಯ ಹೇಳಿದರು. ನಾಯಕಿಯ ದೊಡ್ಡಪ್ಪನೋ ಚಿಕ್ಕಪ್ಪನೋ, ತೋಟದ ಮಾಲಿಯಾದರೂ ಸರಿ, ದಿನಾ ಕಾಣಿಸಿಕೊಳ್ಳುವಂತಿದ್ದರೆ ಸಾಕು. ಮ್ಯಾನೇಜರು ಭಾವನ ಹೆಗಲ ಮೇಲೆ ಕೈಹಾಕಿದ.

‘ಸಾರ್, ನಿಮ್ಮನ್ನ ಮತ್ತೆ ಮತ್ತೆ ಕರೆಯೋದೇ ಯಾಕೆ ಅಂದ್ಕೊಂಡ್ರಿ? ನಿಮ್ಮ ಮುಖ ಯಾರಿಗೂ ನೆನಪಿರಲ್ಲ ಸಾರ್. ಅದು ದೊಡ್ಡ ಗುಣ. ಪರ್ಮನೆಂಟ್ ಮಾಡಿದ್ರೆ ಅದು ಹಾಳಾಗೋಗುತ್ತೆ.’

ಭಾವ ಹೊರಗೆ ಬಂದು ಬೈಕಿನ ಮೇಲೆ ಕೂತರು. ಅದನ್ನು ಸ್ಟಾರ್ಟ್ ಮಾಡಲಿಲ್ಲ. ಇಷ್ಟು ವರ್ಷ ತಾನು ಮಾಡಿದ್ದನ್ನು ಜನ ನೋಡುತ್ತಿದ್ದಾರೆಂದು ಅವರು ನಂಬಿದ್ದರು. ಮಾರ್ಕೆಟ್ಟಿನಲ್ಲಿ ಯಾರಾದರೂ ಎರಡು ಸಲ ತಿರುಗಿ ನೋಡಿದರೆ ಅಂದು ಮನೆಗೆ ಸ್ವೀಟು ತರುತ್ತಿದ್ದ ಮನುಷ್ಯ. ನನಗೆ ಆಗ ಅವರನ್ನು ಕಂಡು ತುಂಬ ದುಃಖವಾಯಿತು. ಸ್ವಲ್ಪ ಹೊತ್ತಿಗೆ ಅವರೇ ತಲೆಯೆತ್ತಿದರು.

‘ಮೂರ್ತಿ, ಆ ಅಜ್ಜಿಗೆ ನಾಲ್ಕೂ ಪಾತ್ರ ನೆನಪಿತ್ತು ಅಂದ್ಯಲ್ಲ?’

‘ಹೌದು ಭಾವ.’

‘ಯಾವುದೂ ಬಿಡದೆ?’

‘ಯಾವುದೂ ಬಿಡದೆ. ವರಸೆಯಾಗಿ ಹೇಳಿದ್ರು.’

‘ನಡಿ, ಹೋಗಣ’ ಎಂದರು. ಬೈಕು ಶಿಡ್ಲಘಟ್ಟದ ಕಡೆ ತಿರುಗಲಿಲ್ಲ. ಗೌರಿಬಿದನೂರಿನ ರಸ್ತೆ ಹಿಡಿಯಿತು. ಹೇಳದೆ ಕೇಳದೆ ಗಂಡಿನ ಮನೆಗೆ ಹೆಣ್ಣಿನ ಅಪ್ಪ ಹೋಗುವುದು ನಮ್ಮಲ್ಲಿ ಇಲ್ಲ, ಒಂದು ಮಾತು ಫೋನಾದರೂ ಮಾಡೋಣ ಎಂದು ನಾನು ಹಿಂದಿನಿಂದ ಕೂಗಿದೆ. ಗಾಳಿಗೆ ಅವರಿಗೆ ಕೇಳಲಿಲ್ಲವೆಂದು ಆಮೇಲೆ ಹೇಳಿದರು.

ನಂಜಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಭಾವನನ್ನು ಕಂಡು ಏಳಲಿಲ್ಲ, ಮೊರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಭಾವ ಅವರೆದುರು ನೆಲದ ಮೇಲೇ ಕೂತುಬಿಟ್ಟರು.

‘ಅಮ್ಮ, ಸಂಬಂಧ ಕೇಳಕ್ಕೆ ಬಂದಿಲ್ಲ. ನನ್ನ ಪಾರ್ಟು ನೆನಪಿಟ್ಕೊಂಡಿರೋರು ಇಡೀ ಜಿಲ್ಲೇಲಿ ನೀವೊಬ್ಬರೇ. ನಮಸ್ಕಾರ ಹೇಳಿ ಹೋಗಣ ಅಂತ ಬಂದೆ.’

ಅಜ್ಜಿ ಒಂದು ಕಾಯಿ ಸುಲಿದರು. ‘ಇನ್ಸ್‌ಪೆಕ್ಟ್ರು ಪರವಾಗಿಲ್ಲ. ಲಾಯರು ಚೆನ್ನಾಗಿತ್ತು. ಐನೋರು ಮಂತ್ರ ನುಂಗಿದ್ರು. ಡಾಕ್ಟ್ರು ಮಾತ್ರ ನಂಗೆ ಹಿಡಿಸಲಿಲ್ಲ, ಅಷ್ಟು ನಗ್‌ನಗ್ತಾ ಯಾರಾದ್ರೂ ದೇವರ ಮೇಲೆ ಭಾರ ಹಾಕು ಅಂತಾರಾ?’

‘ಮೊದಲನೇ ಸಲ ಅಲ್ವೇನಮ್ಮ, ಭಯ’ ಎಂದರು ಭಾವ.

‘ಹೋಗ್ಲಿ. ಈಗ ಹೆಣ್ಣಿನ ಅಪ್ಪ ಅಂತ ಬಂದಿದೀಯಲ್ಲ, ಮದುವೆ ಆದ್ಮೇಲೆ ಎಲ್ಲಿರ್ತೀಯ? ನಾಳೆ ಆ ಮಗೂಗೆ ಒಂದು ಕಷ್ಟ ಬಂದ್ರೆ, ಹೆರಿಗೆಗೆ ಬಂದ್ರೆ, ಸಿಗ್ತೀಯಾ? ಇಲ್ಲ ಅಷ್ಟ್‌ಹೊತ್ತಿಗೆ ಇನ್ನೇನೋ ಆಗಿರ್ತೀಯಾ?’

ಭಾವ ಬಾಯಿ ತೆರೆದರು. ಮಾತು ಬರಲಿಲ್ಲ. ಉತ್ತರ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ‘ಇಲ್ಲೇ ಇರ್ತೀನಿ’ ಎಂಬ ಎರಡೇ ಶಬ್ದದ ಉತ್ತರ. ಮೂಗು ಕೆಂಪಾಯಿತು, ಹೆಗಲ ಮೇಲಿನ ಟವೆಲಿಗಾಗಿ ತಡಕಾಡಿದರು, ಅದು ಬೈಕಿನ ಮೇಲೇ ಉಳಿದಿತ್ತು. ಕೊನೆಗೆ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡರು, ಅದೂ ನೆಟ್ಟಗೆ ಆಗಲಿಲ್ಲ. ನೋಡಲು ಚೆನ್ನಾಗಿರಲಿಲ್ಲ. ಎಂಟು ಗಂಟೆಯದರಲ್ಲಿ ಹಾಗೆ ಅತ್ತಿದ್ದರೆ ಇನ್ನೊಂದು ಸಲ ತೆಗೆಯಿರಿ ಎನ್ನುತ್ತಿದ್ದರು.

ಅಜ್ಜಿ ಅವರನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ತಿರುಗಿ ಮಗನಿಗೆ ಕೇಳುವಂತೆ ಹೇಳಿದರು. ‘ಬಾರೋ, ದಿನ ಗೊತ್ತು ಮಾಡು. ಈ ಪಾರ್ಟಲ್ಲಿ ಆಕ್ಟಿಂಗ್ ಬರ್ತಿಲ್ಲ ಇವನಿಗೆ.’

ನಾನು ಅಲ್ಲಿಂದಲೇ ಚೈತ್ರಳಿಗೆ ಫೋನ್ ಮಾಡಿದೆ. ಅವಳು ಶಾಲೆಯಲ್ಲಿ ಮಕ್ಕಳ ಮುಂದೆ ಇದ್ದಳಂತೆ, ‘ಹೌದಾ ಮಾಮ’ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಒಂದು ನಿಮಿಷದಲ್ಲಿ ಮತ್ತೆ ಮಾಡಿ ಅತ್ತಳು.

ವಾಪಸು ಬರುವಾಗ ಭಾವ ಮಂಚೇನಹಳ್ಳಿ ದಾಟುವವರೆಗೆ ತುಟಿ ಬಿಚ್ಚಲಿಲ್ಲ. ಮಗಳು ದೂರವಾಗುವ ಸಂಕಟವಿರಬೇಕು ಎಂದುಕೊಂಡೆ. ಟೀ ಅಂಗಡಿಯೊಂದರ ಮುಂದೆ ಬೈಕು ನಿಲ್ಲಿಸಿದರು. ಹೆಲ್ಮೆಟ್ ತೆಗೆದು ನನ್ನ ಕಡೆ ತಿರುಗಿ, ಬಹಳ ಹೊತ್ತಿನಿಂದ ಒಳಗೇ ಇಟ್ಟುಕೊಂಡಿದ್ದ ದನಿಯಲ್ಲಿ ಕೇಳಿದರು.

‘ಡಾಕ್ಟರ್ ಪಾರ್ಟು ಅಷ್ಟು ಕೆಟ್ಟದಾಗಿತ್ತೇನಯ್ಯ?’

ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು, ‘ಛೆ ಛೆ, ನಾಲ್ಕರಲ್ಲೂ ಅದೇ ಚೆನ್ನಾಗಿತ್ತು ಭಾವ’ ಎಂದೆ. ಅವರು ಪೂರ್ತಿ ನಂಬಿದರು. ನಮ್ಮ ಎರಡೂ ಮನೆಯಲ್ಲಿ ನಟನೆ ಬರುವುದು ತನಗೊಬ್ಬನಿಗೇ ಎಂದು ಅವರು ಇವತ್ತಿಗೂ ತಿಳಿದುಕೊಂಡಿದ್ದಾರೆ.