ನಳಿಗೆಗೂ ಮರಕ್ಕೂ ನಡುವಿನ ದಾರ

ನನ್ನ ಬಂದೂಕಿನ ಗುರಿ ಕೆಟ್ಟದ್ದು ಪೂಜೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನಗಳಲ್ಲಿ ನಾನು ಪೂಜೆಯೊಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ಹರಿಹಾಯ್ದಿದ್ದೆ. ಗುಂಡುಗಳನ್ನು ಬೈದೆ, ಸ್ಕ್ರೂಗಳನ್ನು ಬೈದೆ, ಥಂಡಿಯನ್ನು ಬೈದೆ. ಏನೂ ಮಾಡದ ಗಂಡನಿಗೂ ಅವನ ಪಾಲು ಸಿಕ್ಕಿತು.

ನಾನು ಹುಬ್ಬಳ್ಳಿಯವಳು. ಜರ್ಮನಿಯ ಅಬ್‌ಸ್ಟಾಟ್‌ನಲ್ಲಿ ಹಗಲಿಡೀ ಕಾರುಗಳ ಬ್ರೇಕು ಪರೀಕ್ಷಿಸುವುದು ನನ್ನ ಕೆಲಸ. ಈ ಕಡೆಯ ಹಳ್ಳಿಗಳಲ್ಲಿ ಆಫೀಸು ಬಿಟ್ಟರೆ ಜನ ಒಬ್ಬರಿಗೊಬ್ಬರು ಸಿಗುವುದು ಫೆರೈನ್ ಎನ್ನುವ ಸಂಘಗಳಲ್ಲಿ. ಹಾಡುವವರಿಗೊಂದು, ಓಡುವವರಿಗೊಂದು, ಗುರಿ ಇಟ್ಟು ಹೊಡೆಯುವವರಿಗೊಂದು. ನನಗೆ ಹಾಡು ಬರುವುದಿಲ್ಲ, ಓಡಿದರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಹಾಗಾಗಿ ಪಕ್ಕದ ಊರಿನ ಶೂಟಿಂಗ್ ಸಂಘ ಸೇರಿದೆ. ಅಲ್ಲಿ ಯಾರೂ ನನ್ನನ್ನು ‘ಕಂಪನಿಯವಳು’ ಎನ್ನಲಿಲ್ಲ. ಮೊದಲ ಸಂಜೆಯೇ ಕೈಗೆ ಪೊರಕೆ ಕೊಟ್ಟು, ಹಾರಿದ ಗುಂಡುಗಳ ಖಾಲಿ ಕೇಸುಗಳನ್ನು ಗುಡಿಸಲು ಹಚ್ಚಿದರು. ಗುಡಿಸುತ್ತಲೇ ನಾನು ಅಲ್ಲಿಯವಳಾದೆ.

ನಮ್ಮ ಸಂಘದ ತಂಡ ಸ್ಪರ್ಧಿಸುವುದು ಸೆಮಿ ಆಟೊಮ್ಯಾಟಿಕ್ ರೈಫಲಿನಲ್ಲಿ. ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಳ್ಳುವಾಗ ಒಳಗೊಂದು ಭಾರ ಹಿಂದೆ ಮುಂದೆ ಓಡುವುದರಿಂದ ಅದನ್ನು ನಿಖರವಾಗಿಸುವುದು ಕಿರಿಕಿರಿಯ ಕೆಲಸ. ನನಗೋ ಕಿರಿಕಿರಿಯೇ ಇಷ್ಟ. ಒಂದೊಂದೇ ಕಂಪನಿಯ ಗುಂಡು ತಂದು, ಐವತ್ತು ಮೀಟರಿನಲ್ಲಿ ಹೊಡೆದು, ಯಾವುದು ಒತ್ತೊತ್ತಾಗಿ ಬೀಳುತ್ತದೆಂದು ನೋಡಿದೆ. ಮರದ ಹಿಡಿಕೆಯ ಸ್ಕ್ರೂಗಳನ್ನು ಪ್ರತಿಸಲವೂ ಒಂದೇ ಬಿಗಿಗೆ ತಿರುಗಿಸುವ ಸ್ಪ್ಯಾನರ್ ಕೊಂಡೆ. ಗುಂಡು ಹಾರಿದ ಮೇಲೂ ಬೆರಳು ಸಡಿಲಿಸದೆ, ಒಳಗಿನ ಓಡಾಟ ನಿಲ್ಲುವ ತನಕ ಕದಲದಿರುವುದನ್ನು ಕಲಿತೆ. ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಗುಂಡುಗಳೆಲ್ಲ ಒಂದು ಯೂರೋ ನಾಣ್ಯದೊಳಗೆ ಕೂರುತ್ತಿದ್ದವು.

ಇದನ್ನೆಲ್ಲ ಹೇಳಿಕೊಟ್ಟವರು ನಮ್ಮ ಕೋಚ್. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಹೆಂಗಸು, ಬೆಳ್ಳಿಗೂದಲು, ಮಾತು ಕಡಿಮೆ. ನನ್ನ ಗಂಡ ಅವರಿಗೆ ‘ಕೋಚ್‌ಬಾಯಿ’ ಎಂದು ಹೆಸರಿಟ್ಟಿದ್ದ, ನಮ್ಮ ಮನೆಯಲ್ಲಿ ಅದೇ ಉಳಿಯಿತು. ತಂಡದಲ್ಲಿರುವುದು ಮೂರೇ ಜಾಗ. ಎರಡರಲ್ಲಿ ಗಟ್ಟಿಗರಾದ ಇಬ್ಬರು ಗಂಡಸರು. ಮೂರನೆಯದು ನಾನು ಸಂಘ ಸೇರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಕೋಚ್‌ಬಾಯಿಯದೇ. ಆ ಶರತ್ಕಾಲದಲ್ಲಿ ಸಂಘದವರು, ನವೆಂಬರಿನ ಒಂದು ಶುಕ್ರವಾರ ನಾವಿಬ್ಬರೂ ಅಕ್ಕಪಕ್ಕ ನಿಂತು ಹೊಡೆಯುವುದು, ಹೆಚ್ಚು ಅಂಕ ಬಂದವರಿಗೆ ಮೂರನೇ ಜಾಗ ಎಂದು ತೀರ್ಮಾನಿಸಿದರು. ಹಾಗೆ ಮಾಡಿ ಎಂದು ಸೂಚಿಸಿದವರೂ ಕೋಚ್‌ಬಾಯಿಯೇ. ನನಗೆ ಆ ಜಾಗ ಬೇಕಿತ್ತು. ಸಂಕೋಚವಿಲ್ಲದೆ ಹೇಳುತ್ತೇನೆ, ತುಂಬಾ ಬೇಕಿತ್ತು.

ಅಷ್ಟರಲ್ಲಿ ಖಂಡೇನವಮಿ ಬಂತು. ಇಲ್ಲಿಯ ನಮ್ಮ ಜನ ಅವತ್ತು ಕಾರಿಗೆ ನಿಂಬೆಹಣ್ಣು ಕಟ್ಟುತ್ತಾರೆ, ಲ್ಯಾಪ್‌ಟಾಪಿಗೆ ಕುಂಕುಮ ಇಡುತ್ತಾರೆ. ನಾನು ಕಪಾಟಿನ ಬೀಗ ತೆಗೆದು ರೈಫಲನ್ನು ಹೊರಗಿಟ್ಟೆ.

“ಎಲ್ಲಾರ ಮನ್ಯಾಗ ಬರೇ ಹೆಸರಿಗೆ ಆಯುಧಪೂಜಿ,” ಎಂದ ಗಂಡ. “ನಮ್ಮನ್ಯಾಗ ಖರೇನ ಆಯುಧ ಅದ ನೋಡು.”

ನಳಿಗೆಗೆ ಗಂಧ ಹಚ್ಚಿದೆ, ಚೆಂಡುಹೂವು ಏರಿಸಿದೆ, ಅರಿಶಿನದಲ್ಲಿ ಅದ್ದಿದ ದಾರವನ್ನು ಎರಡು ಸುತ್ತು ಸುತ್ತಿ ಕಟ್ಟಿದೆ. ಮರುದಿನ ಬನ್ನಿಯ ಬದಲು ಸಿಕ್ಕಿದ ಎಲೆ ಹಂಚಿಕೊಂಡು, ದಾರ ಬಿಚ್ಚಿ, ಒರೆಸಿ ಒಳಗಿಟ್ಟೆ. ಬಿಚ್ಚುವಾಗ ದಾರ ಹರಿದು ಬಂತು. ಪೂರ್ತಿ ಬಂತೆಂದುಕೊಂಡೆ.

ಮುಂದಿನ ವಾರದಿಂದ ನನ್ನ ಗುಂಡುಗಳು ದಿಕ್ಕಾಪಾಲಾದವು. ಮೊದಲ ಎರಡು ನೆಟ್ಟಗೆ ಬೀಳುತ್ತಿದ್ದವು, ನಳಿಗೆ ಬಿಸಿಯಾಗುತ್ತಿದ್ದಂತೆ ಉಳಿದವು ಮನಸ್ಸಿಗೆ ಬಂದ ಕಡೆ ಹೋಗುತ್ತಿದ್ದವು. ಗುಂಡು ಬದಲಿಸಿದೆ, ಸ್ಕ್ರೂ ನೋಡಿದೆ, ಒಳಗೆಲ್ಲ ಬ್ರಷ್ ಹಾಕಿ ತಿಕ್ಕಿದೆ. ಮರದ ಹಿಡಿಕೆಯನ್ನು ಮಾತ್ರ ಕಳಚಲಿಲ್ಲ. ಅಷ್ಟು ಚೆನ್ನಾಗಿ ಕೂತದ್ದನ್ನು ಎಬ್ಬಿಸಿದರೆ ಮತ್ತೆ ಹಾಗೆ ಕೂರುವುದಿಲ್ಲ ಎನ್ನುವ ಎಂಜಿನಿಯರ್ ಭಯ. ಬಂದೂಕಿಗೆ ದೃಷ್ಟಿ ತೆಗೆಯಲೇ ಎಂದು ಗಂಡ ಕೇಳಿದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಶುಕ್ರವಾರಕ್ಕೆ ಇನ್ನು ಮೂರು ದಿನವಿತ್ತು. ಅಭ್ಯಾಸಕ್ಕೆ ಹೋದಾಗ ಕೋಚ್‌ಬಾಯಿ ದುರ್ಬೀನಿನಲ್ಲಿ ನನ್ನ ಗುರಿಹಲಗೆಯನ್ನು ನೋಡಿದರು. ಮ್ಯಾಗಜೀನ್ ತೆಗೆಸಿ, ರೈಫಲ್ ಖಾಲಿ ಇದೆಯೆಂದು ತಾವೇ ನೋಡಿ, ಮೇಜಿನ ಮೇಲೆ ಮಲಗಿಸಿದರು. ಕೋಟಿನ ಜೇಬಿನಿಂದ ಬೇಕರಿಯ ರಸೀದಿ ತೆಗೆದು ನಳಿಗೆಯ ಕೆಳಗೆ ತೂರಿಸಿ, ಎರಡು ತುದಿ ಹಿಡಿದು ಹಿಂದಕ್ಕೆ ಎಳೆಯುತ್ತ ಹೋದರು. ನಳಿಗೆ ಮರವನ್ನು ಎಲ್ಲಿಯೂ ಮುಟ್ಟಬಾರದು. ಮುಟ್ಟದಿದ್ದರೆ ಕಾಗದ ಕೊನೆಯ ತನಕ ಸರಾಗವಾಗಿ ಹೋಗಬೇಕು. ಅರ್ಧ ದಾರಿಯಲ್ಲಿ ಅದು ನಿಂತುಬಿಟ್ಟಿತು.

ಸ್ಕ್ರೂ ಬಿಚ್ಚಲು ನನಗೆ ಹೇಳಿದರು. ಹಿಡಿಕೆ ಕಳಚಿದಾಗ ಕಂಡದ್ದು ನನ್ನ ದಾರದ ಗಂಟು. ಗಂಧ, ಅರಿಶಿನದೊಂದಿಗೆ ಒಣಗಿ, ಕಲ್ಲಾಗಿ, ನಳಿಗೆಗೂ ಮರಕ್ಕೂ ನಡುವೆ ಅಂಟಿಕೊಂಡು ಕೂತಿತ್ತು. ಪ್ರತಿ ಗುಂಡಿಗೂ ನಳಿಗೆ ಅದಕ್ಕೆ ತಾಗಿ ಅತ್ತಿತ್ತ ಆಗುತ್ತಿತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅರಿಶಿನ ಎಂದರೇನು, ಆಯುಧಕ್ಕೆ ಪೂಜೆ ಏಕೆ ಎಂದೆಲ್ಲ ಹರಕುಮುರುಕು ಜರ್ಮನಿನಲ್ಲಿ ತಡವರಿಸುತ್ತ ಹೇಳಿದೆ. ಅವರು ನಗಲಿಲ್ಲ. ಚಿಮಟಿಗೆಯಿಂದ ಗಂಟನ್ನು ಮೆಲ್ಲಗೆ ಬಿಡಿಸಿ, ಬಿಳಿ ಬಟ್ಟೆಯ ಮೇಲಿಟ್ಟು, “ಇದನ್ನು ಕಸಕ್ಕೆ ಹಾಕುವ ಹಾಗಿಲ್ಲ, ಅಲ್ಲವಾ?” ಎಂದರು. ಯಾವ ಕಸ ಯಾವ ಡಬ್ಬಿಗೆ ಎಂದು ಸಂಘದವರಿಗೆಲ್ಲ ಪಾಠ ಹೇಳುವ ಹೆಂಗಸು ಅವರು. ಬಟ್ಟೆ ಸಮೇತ ಮಡಚಿ ನನ್ನ ಕೈಗೆ ಕೊಟ್ಟರು. ಅವತ್ತು ಅವರು ತೋರಿಸಿದ ಮರ್ಯಾದೆಗೆ ನಾನು ಇವತ್ತಿಗೂ ಕೃತಜ್ಞಳು.

ಶುಕ್ರವಾರ ಅಕ್ಕಪಕ್ಕ ನಿಂತೆವು. ನನ್ನ ರೈಫಲ್ ಮತ್ತೆ ಹಳೆಯ ಹದಕ್ಕೆ ಬಂದಿತ್ತು. ಅವರ ಗುಂಡುಗಳೂ ಚೆನ್ನಾಗಿಯೇ ಬಿದ್ದವು, ಆದರೆ ಕೊನೆಯ ಸುತ್ತಿನಲ್ಲಿ ನಡುನಡುವೆ ರೈಫಲ್ ಕೆಳಗಿಟ್ಟು ದಣಿದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಂಕ ಎಣಿಸಿದಾಗ ನನ್ನವು ನಾಲ್ಕು ಹೆಚ್ಚಿದ್ದವು. ಮೊದಲು ಕೈಕುಲುಕಿದವರು ಅವರೇ. ಗಂಡಸರು ನನಗೆ ಬಿಯರ್ ತರಲು ಹೋದರು, ನಾನು ಕುಡಿಯುವುದಿಲ್ಲವೆಂದು ಅವರಿಗೆ ಯಾವತ್ತೂ ನೆನಪಿರುವುದಿಲ್ಲ.

ಕೋಚ್‌ಬಾಯಿ ಸಾಮಾನು ಚೀಲಕ್ಕೆ ತುಂಬುವಾಗ ಪಕ್ಕಕ್ಕೆ ಹೋಗಿ ನಿಂತೆ. ನನ್ನ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ.

“ಮಂಗಳವಾರ ನೀವು ಸುಮ್ಮನಿದ್ದಿದ್ದರೆ ಈ ಜಾಗ ನಿಮ್ಮದೇ ಇರುತ್ತಿತ್ತು,” ಎಂದೆ.

“ಗೊತ್ತು,” ಎಂದರು. ಚೀಲದ ಜಿಪ್ ಎಳೆದರು. “ಆಮೇಲೆ ಪ್ರತಿಸಲ ಅಲ್ಲಿ ನಿಂತಾಗಲೂ ನನಗೆ ಅದು ಗೊತ್ತಿರುತ್ತಿತ್ತಲ್ಲ.”

ನನ್ನ ಭುಜ ತಟ್ಟಿ, ಗುರುವಾರ ಅಭ್ಯಾಸಕ್ಕೆ ತಡಮಾಡಬೇಡ ಎಂದು ಹೇಳಿ ಹೊರಟರು. ಅವರಿಗೆ ಅಷ್ಟೇನೂ ಬೇಸರವಾಗಿಲ್ಲವೆಂದು ನನಗೆ ಸಮಾಧಾನವಾಯಿತು. ಆಮೇಲೆ ನನ್ನ ಕೋಟು ತೆಗೆದುಕೊಳ್ಳಲು ಕಿಟಕಿಯ ಬಳಿ ಹೋದೆ. ಹೊರಗೆ ಅವರ ಕಾರಿನ ಒಳದೀಪ ಇನ್ನೂ ಆರಿರಲಿಲ್ಲ. ಕೋಚ್‌ಬಾಯಿ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಕೂತಿದ್ದರು. ಅವರ ಭುಜ ಅಲುಗುತ್ತಿತ್ತು.

ನಾನು ಹೊರಗೆ ಹೋಗಲಿಲ್ಲ. ಹೋಗಿದ್ದರೆ ಅವರು ಕಣ್ಣು ಒರೆಸಿಕೊಂಡು ಮತ್ತೆ ಕೋಚ್ ಆಗಬೇಕಾಗುತ್ತಿತ್ತು. ಕಾರು ಹೊರಡುವ ತನಕ ಕೋಟು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆ ಜಾಗ ನನಗಿಂತ ಅವರಿಗೇ ಹೆಚ್ಚು ಬೇಕಿತ್ತು.