ಇಲ್ಲ ಅಂತ ಟಿಕ್ ಹಾಕಲಿಲ್ಲ

ನಮ್ಮೂರು ಬೇತಮಂಗಲದ ಹತ್ತಿರ. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿಯುತ್ತಿದ್ದೆ. ಅಲ್ಲಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನನಗೆ ಪಾಠ ಹೇಳುವ ಕೆಲಸ. ಅದೇ ಬಸ್ಸಿನಲ್ಲಿ ನಮ್ಮ ಕಡೆಯ ಹೆಂಗಸರ ಒಂದು ದಂಡೇ ಇರುತ್ತಿತ್ತು. ಅವರು ಬಂಗಾರಪೇಟೆಯವರೆಗೂ ಹೋಗಿ, ರೈಲು ಹಿಡಿದು, ವೈಟ್‌ಫೀಲ್ಡ್ ಕಡೆಯ ಆಫೀಸುಗಳಲ್ಲಿ ನೆಲ ಒರೆಸಲು, ಗಾರ್ಮೆಂಟ್ಸಿನಲ್ಲಿ ಹೊಲಿಯಲು ಹೋಗುವವರು. ಸಂಜೆ ರೈಲು ತಡವಾದರೆ ಊರಿನ ಕೊನೆಯ ಬಸ್ಸು ತಪ್ಪುತ್ತದೆ. ಮನೆಯಲ್ಲಿ ಮಕ್ಕಳು ಬಾಗಿಲಲ್ಲೇ ಕೂತಿರುತ್ತವೆ. ಹಾಗಾಗಿ ರೈಲು ಈಗ ಎಲ್ಲಿದೆ ಎನ್ನುವುದೇ ಅವರಿಗೆ ದಿನದ ದೊಡ್ಡ ಪ್ರಶ್ನೆ.

ಅದಕ್ಕಾಗಿ ಒಂದು ಆ್ಯಪ್ ಮಾಡಿದೆ. ರೈಲಿನಲ್ಲಿರುವವರು ಯಾರಾದರೂ ಸ್ಟೇಷನ್ನಿನ ಹೆಸರನ್ನು ಒತ್ತಿದರೆ ಸಾಕು. ಮಾಲೂರು ಬಿಟ್ಟಿತು, ಟೇಕಲ್ ಬಿಟ್ಟಿತು ಎಂದು ಉಳಿದವರ ಫೋನಿನಲ್ಲಿ ಕಾಣುತ್ತದೆ. ಮನೆಯವರೂ ನೋಡಬಹುದು, ಕಾಯುವ ಆಟೊದವರೂ ನೋಡಬಹುದು.

ಸೆಂಟರಿನ ಮಾಲೀಕರಿಗೆ ಇದು ಹಿಡಿಸಿತು. ಎಲ್ಲರೂ ಫೋನಿಗೆ ಇಳಿಸಿಕೊಳ್ಳುವಂತೆ ತಮ್ಮ ಖಾತೆಯಿಂದಲೇ ಆ್ಯಪ್ ಸ್ಟೋರಿಗೆ ಕಳಿಸೋಣ ಎಂದರು. ಜೊತೆಗೆ ಒಂದು ಜಾಹೀರಾತು ಕಂಪನಿಯವರು ಕೊಟ್ಟ ಸಾಫ್ಟ್‌ವೇರ್ ತುಣುಕನ್ನು ಅದರೊಳಗೆ ಸೇರಿಸಲು ಹೇಳಿದರು, ಅದಕ್ಕೆ ಕಂಪನಿಯವರು ದುಡ್ಡು ಕೊಡುತ್ತಾರಂತೆ. ಸೇರಿಸಿದೆ.

ಸ್ಟೋರಿನವರು ಆ್ಯಪನ್ನು ಪರಿಶೀಲನೆಗೆ ತೆಗೆದುಕೊಳ್ಳುವ ಮೊದಲು ಕೆಲವು ಪ್ರಶ್ನೆ ಕೇಳುತ್ತಾರೆ. ಬಳಸುವವರ ಯಾವ ಮಾಹಿತಿಯನ್ನು ತೆಗೆದುಕೊಳ್ಳುತ್ತೀರಿ? ಅವರಿರುವ ಜಾಗ ನಿಮಗೆ ತಿಳಿಯುತ್ತದೆಯೇ? ಅದನ್ನು ಬೇರೆಯವರಿಗೆ ಕೊಡುತ್ತೀರಾ? ನಾನು ಬರೆದ ಭಾಗದ ಬಗ್ಗೆ ಉತ್ತರ ನನಗೆ ಗೊತ್ತಿತ್ತು. ಆ ತುಣುಕಿನ ಬಗ್ಗೆ ಗೊತ್ತಿರಲಿಲ್ಲ. ಕಂಪನಿಗೆ ಫೋನ್ ಮಾಡಿ ಕೇಳಿದೆ. ಫೋನು ಯಾವ ಹೊತ್ತಿನಲ್ಲಿ ಎಲ್ಲಿರುತ್ತದೆ ಎನ್ನುವುದೆಲ್ಲ ತಮಗೆ ಬರುತ್ತದೆ, ಅದನ್ನು ಬೇರೆ ಕಂಪನಿಗಳಿಗೆ ಮಾರುತ್ತೇವೆ ಎಂದು ಆ ಕಡೆಯಾತ ನಗುನಗುತ್ತಲೇ ಹೇಳಿದ. "ಎಲ್ಲರೂ ಇಲ್ಲ ಅಂತಲೇ ಹಾಕ್ತಾರೆ ಮೇಡಂ, ನೀವೂ ಹಾಕಿ."

ಮಾಲೀಕರೂ ಅದನ್ನೇ ಹೇಳಿದರು.

"ಇಲ್ಲ ಅಂತ ಟಿಕ್ ಆಕಮ್ಮ. ಯಾರು ಬಂದು ನೋಡ್ತಾರೆ?"

"ಸುಳ್ಳಾಗ್ತದಲ್ಲಣ್ಣ."

"ಸುಳ್ಳೇನು ಬಂತು? ಕೂಲಿಗೆ ಓಗೋ ಎಂಗಸ್ರು. ಅವರತ್ರ ಮುಚ್ಚಿಡೋಕೆ ಏನೈತೆ?"

ನನಗೆ ಮೈಯೆಲ್ಲ ಉರಿದುಹೋಯಿತು. ನಾನೂ ಆ ಬಸ್ಸಿನವಳೇ. ನಮ್ಮ ಬೀದಿ, ನಮ್ಮ ಬಚ್ಚಲು, ನಮ್ಮ ಜಗಳ ಎಲ್ಲವೂ ಊರಿಗೆ ಕಾಣುವಂಥವೇ. ಮನೆಯಿಂದ ಹೊರಟು ಮತ್ತೆ ಮನೆ ಸೇರುವ ತನಕದ ಹೊತ್ತೊಂದೇ ನಮ್ಮದು. ಅದನ್ನೂ ಮಾರಬೇಕೆ, ಅದೂ ನನ್ನ ಕೈಯಿಂದ?

"ನಾನು ಔದು ಅಂತಾನೇ ಆಕ್ತೀನಿ," ಅಂದೆ. "ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬರೆದು ಮೊದಲನೇ ಪುಟದಾಗೇ ಇಡ್ತೀನಿ. ಓದಿದ ಮೇಲೂ ಬೇಕು ಅನ್ನೋರು ಆಕ್ಕೊಳ್ಲಿ."

"ಆಗ ಯಾರಮ್ಮ ಆಕ್ಕೊಂತಾರೆ?"

"ಅದನ್ನ ಅವರೇ ಏಳ್ಲಿ."

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಕಂಬ ಹಿಡಿದು ನಿಂತುಕೊಂಡೇ ಜೋರಾಗಿ ಓದಿದೆ. ಈ ಆ್ಯಪ್ ಹಾಕಿಕೊಂಡರೆ ನೀವು ಎಲ್ಲಿದ್ದೀರಿ ಎನ್ನುವುದು ಒಂದು ಜಾಹೀರಾತು ಕಂಪನಿಗೆ ಗೊತ್ತಾಗುತ್ತದೆ, ಅವರು ಅದನ್ನು ಮಾರುತ್ತಾರೆ ಎಂದು.

"ಯಾರಿಗೆ ಮಾರ್ತಾರೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಕೊಳ್ಳೋರಿಗೆಲ್ಲ."

ಮುಂದಿನ ಸೀಟಿನಲ್ಲಿ ನಮ್ಮ ಬೀದಿಯ ಅಕ್ಕ ಕೂತಿದ್ದಳು. ಗಾರ್ಮೆಂಟ್ಸಿಗೆ ಹೋಗುವವಳು, ಬಾಯಿ ಸ್ವಲ್ಪ ಜೋರು. "ನಾನು ಎಲ್ಲಿಗೆ ಓಗ್ತೀನಿ, ಎಲ್ಲಿ ನಿಂತ್ಕೊಂತೀನಿ ಅಂತ ನಮ್ಮತ್ತೇಗೇ ಏಳಲ್ಲ. ಇವ್ನ್ಯಾವನು ಕೇಳಕ್ಕೆ? ಕಿತ್ತಾಕು ಅದನ್ನ!" ಅಂದಳು. ಬಸ್ಸೆಲ್ಲ ನಕ್ಕಿತು.

ಅವತ್ತೇ ಆ ತುಣುಕನ್ನು ಕಿತ್ತು ಹಾಕಿದೆ. ಮಾಲೀಕರಿಗೆ ಹೇಳಿದಾಗ ಅವರು ಕೂಗಾಡಲಿಲ್ಲ. ತಮ್ಮ ಖಾತೆಯಿಂದ ಆ ಆ್ಯಪ್ ಹೋಗುವುದಿಲ್ಲ, ನಾಳೆಯಿಂದ ನಾನೂ ಬರಬೇಕಾಗಿಲ್ಲ ಎಂದರು. "ಬೇಡ ಬಿಡಿ" ಎಂದು ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟೆ. ಬಸ್ ಸ್ಟ್ಯಾಂಡ್ ತಲುಪುವವರೆಗೆ ಧೈರ್ಯವಿತ್ತು. ಬಸ್ಸಿನಲ್ಲಿ ಕೂತ ಮೇಲೆ ಅತ್ತುಬಿಟ್ಟೆ. ಆದರೆ ತಪ್ಪು ಮಾಡಿದೆ ಅಂತ ಒಂದು ಸಲವೂ ಅನ್ನಿಸಲಿಲ್ಲ.

ನನ್ನದೇ ಖಾತೆ ತೆರೆದೆ. ಆ್ಯಪ್ ಮಾಡಿದವರ ಹೆಸರು ಸ್ಟೋರಿನಲ್ಲಿ ಎಲ್ಲರಿಗೂ ಕಾಣಬೇಕೆಂಬುದು ನಿಯಮ. ಮನೆಯಲ್ಲಿ ನನ್ನ ಅತ್ತೆಗೆ ಅದೊಂದು ಆತಂಕವಾಯಿತು.

"ಸೊಸೆ ಎಸ್ರು ಲೋಕಕ್ಕೆಲ್ಲ ಕಾಣ್ತದಾ?"

"ಕಾಣ್ಲಿ ಬಿಡತ್ತೆ. ಮಾಡಿರೋಳು ನಾನಲ್ವಾ?"

ಈ ಸಲ ಪ್ರತಿ ಪ್ರಶ್ನೆಗೂ ಇದ್ದದ್ದನ್ನೇ ಬರೆದೆ. ಯಾವ ಸ್ಟೇಷನ್ ಒತ್ತಿದರು ಎನ್ನುವುದು ನಮಗೆ ಬರುತ್ತದೆ. ಯಾರು ಒತ್ತಿದರು ಎನ್ನುವುದು ಬರುವುದಿಲ್ಲ. ಹೆಸರು ಕೇಳುವುದಿಲ್ಲ, ನಂಬರ್ ಕೇಳುವುದಿಲ್ಲ. ಆದರೂ ಮೊದಲ ಸಲ ಆ್ಯಪ್ ವಾಪಸ್ ಬಂತು. ಮಾಹಿತಿಯನ್ನು ಏನು ಮಾಡುತ್ತೀರಿ ಎಂದು ತಿಳಿಸುವ ಗೋಪ್ಯತೆಯ ಪುಟವನ್ನು ಸ್ಟೋರಿನಲ್ಲಿ ಮಾತ್ರ ಇಟ್ಟಿದ್ದೀರಿ, ಆ್ಯಪಿನ ಒಳಗೂ ಸಿಗುವಂತಿರಬೇಕು ಎಂದಿದ್ದರು. ಕೋಪ ಬಂತು. ಇಷ್ಟು ನಿಜ ಹೇಳಿದವಳನ್ನೇ ನಿಲ್ಲಿಸುತ್ತೀರಾ ಎಂದು ಪರದೆಯ ಮೇಲೇ ರೇಗಿದೆ. ಆಮೇಲೆ ಯೋಚಿಸಿದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಸರಿಪಡಿಸಿ ಮತ್ತೆ ಕಳಿಸಿದೆ. ಒಪ್ಪಿಗೆಯಾಯಿತು.

ಈಗ ನಾನು ಬಂಗಾರಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹೋದ ತಿಂಗಳು ಅಲ್ಲಿಗೆ ಒಬ್ಬಾತ ಬೈಕು ನಿಲ್ಲಿಸಿ ಒಳಗೆ ಬಂದ. ಮುಖ ಪರಿಚಯವಿರಲಿಲ್ಲ.

"ರೈಲಿನ ಆ್ಯಪ್ ಮಾಡಿರೋಳು ನೀನೇನಾ? ನಮ್ಮನೆಯೋಳು ನೆನ್ನೆ ಸಾಯಂಕಾಲ ಯಾವ ಸ್ಟೇಷನ್ನಾಗೆ ಇದ್ಲು, ನೋಡಿ ಏಳು."

"ರೈಲು ಎಲ್ಲಿತ್ತು ಅಂತ ಏಳ್ತೀನಿ. ಅವರೆಲ್ಲಿದ್ರು ಅಂತ ನಂಗೊತ್ತಿಲ್ಲ."

"ಮಾಡ್ದೋಳೇ ನೀನು. ಗೊತ್ತಿಲ್ಲ ಅಂದ್ರೆ?"

"ಗೊತ್ತಾಗಬಾರ್ದು ಅಂತಾನೇ ಅಂಗೆ ಮಾಡಿರೋದು. ಬೇಕಿದ್ರೆ ಮನೆಗೋಗಿ ಅವರನ್ನೇ ಕೇಳಿ."

ಆತ ನನ್ನನ್ನು ದುರುಗುಟ್ಟಿ ನೋಡಿ ಹೋದ. ಹೆಂಗಸರನ್ನು ಕೆಡಿಸುವ ಆ್ಯಪ್ ಅದು ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೇಳಿಕೊಂಡು ತಿರುಗಿದನಂತೆ. ಅದಾದ ಮೇಲೆ ಹೊಸದಾಗಿ ಹಾಕಿಕೊಂಡವರು ಹೆಚ್ಚಾದರು, ಸ್ಟೋರು ಎಷ್ಟು ಜನ ಎಂಬ ಎಣಿಕೆಯನ್ನಷ್ಟೇ ತೋರಿಸುತ್ತದೆ. ಅವರಲ್ಲಿ ಅವನ ಹೆಂಡತಿ ಇದ್ದಾಳೋ ಇಲ್ಲವೋ ನನಗೆ ತಿಳಿಯದು. ತಿಳಿಯುವ ದಾರಿಯನ್ನೇ ನಾನು ಇಟ್ಟುಕೊಂಡಿಲ್ಲ.