ಆರು ಜೇನುಪೆಟ್ಟಿಗೆಗಳೊಡನೆ ತೀರ್ಥಹಳ್ಳಿಗೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಬಸ್ಸಿನ ಕಿಟಕಿಯ ಮೇಲೆ ಜೇನುತುಪ್ಪದ ಮೊದಲ ಎಳೆ ಇಳಿಯಿತು. ಹೊಸನಗರ ಬಿಟ್ಟು ಅರ್ಧ ಗಂಟೆಯಾಗಿತ್ತು. ಮುಂದಿನ ಸೀಟಿನ ಹೆಂಗಸು ಕಿಟಕಿಯ ಸರಳು ಮುಟ್ಟಿ, "ಹೋಯ್, ಇದೆಂತದು ಅಂಟ್ತದೆ?" ಎಂದು ಬೆರಳು ನೆಕ್ಕಿ ನಕ್ಕಳು. ನಾನು ತಲೆಯೆತ್ತಿ ಬಸ್ಸಿನ ಮಾಡು ನೋಡಿದೆ. ತುಪ್ಪ ಹರಿಯಿತೆಂದರೆ ಬಸ್ಸಿನ ಮೇಲಿಟ್ಟ ಪೆಟ್ಟಿಗೆಯೊಳಗೆ ಮೇಣದ ಎರಿ ಕರಗಿ ಕುಸಿದಿದೆ ಎಂದೇ ಅರ್ಥ.

ನಾನು ಸಾಗರದಲ್ಲಿ ಜೇನು ಸಾಕುವವರ ಸಂಘದ ನೌಕರ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವನು. ಊರೂರು ತಿರುಗಿ, ತುಡುವೆ ಜೇನನ್ನು ಪೆಟ್ಟಿಗೆಯಲ್ಲಿ ಸಾಕುವುದನ್ನು ಕಲಿಸುತ್ತೇನೆ. ಬ್ಯಾಕೋಡಿನ ಕಡೆಯ ನಮ್ಮ ಸದಸ್ಯರು ಹುಚ್ಚಪ್ಪನವರು. ಅವರ ಗದ್ದೆ ಅಣೆಕಟ್ಟಿನ ನೀರಿಗೆ ಹೋಗುವುದಿತ್ತು. ತೀರ್ಥಹಳ್ಳಿಯ ಬಳಿ ಬೇರೆ ಜಾಗ ಸಿಕ್ಕಿತ್ತು. ಅದು ಬರೀ ಕಾಡು. ಕಡಿದು, ಅಗೆದು, ಪೈರು ನೋಡುವುದಕ್ಕೆ ಎರಡು ವರ್ಷವಾದರೂ ಬೇಕು. ಅಲ್ಲಿಯವರೆಗೆ ಸಂಸಾರಕ್ಕೆ ಆಸರೆ ಆರು ಪೆಟ್ಟಿಗೆಯ ಜೇನು. ಅವನ್ನು ಜೀವಂತ ಮುಟ್ಟಿಸುವ ಹೊಣೆಯನ್ನು ಸಂಘ ನನಗೆ ವಹಿಸಿತ್ತು.

"ಸಂಜೆ ಹುಳವೆಲ್ಲ ಒಳಗೆ ಬಂದ ಮೇಲೆ ಬಾಗಿಲು ಭದ್ರವಾಗಿ ಮುಚ್ಚಿ, ಒಂದೂ ಹೊರಗೆ ಬರಬಾರದು" ಎಂದು ಹೇಳಿ ಕಳಿಸಿದ್ದೆ. ಗಾಳಿಯಾಡಲು ತಂತಿಬಲೆ ಹಾಕಬೇಕೆಂದು ಹೇಳಲಿಲ್ಲ. ಬಲೆ ಕೊಡಲೂ ಇಲ್ಲ. ಭತ್ತದ ಕಣಜಕ್ಕೆ ಸಗಣಿ, ಕೆಮ್ಮಣ್ಣು ಮೆತ್ತಿ ಇರುವೆ ನುಗ್ಗದಂತೆ ಮಾಡಿ ರೂಢಿಯಿದ್ದ ಹುಚ್ಚಪ್ಪನವರು ಪೆಟ್ಟಿಗೆಯ ಬಾಗಿಲು, ಸಂದು, ಬಿರುಕು ಎಲ್ಲಕ್ಕೂ ಹಾಗೆಯೇ ಮೆತ್ತಿದರು. ಬೆಳಗಾಗುವಾಗ ಗಾಡಿಯಲ್ಲಿ ಸಾಗರಕ್ಕೆ ತಂದಿಳಿಸಿದಾಗ ನಾನು ಅದನ್ನು ನೋಡಿದೆ. ನೋಡಿ, "ಎಷ್ಟು ಚೆನ್ನಾಗಿ ಮೆತ್ತಿದ್ದೀರಿ!" ಎಂದು ಹೊಗಳಿದೆ.

ಎಂಟು ಗಂಟೆಗೆ ಬಸ್ಸು ಹೊರಟಿತು. ಮೇ ತಿಂಗಳ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹೊಸನಗರದಲ್ಲಿ ಹತ್ತು ನಿಮಿಷ ನಿಂತಾಗ ಹುಚ್ಚಪ್ಪನವರು ಏಣಿ ಹತ್ತಿ ಪೆಟ್ಟಿಗೆಗೆ ಕಿವಿಯಿಟ್ಟರು.

"ಭಾರಿ ಜೋರು ಕೂಗ್ತಾವೆ ಮೇಷ್ಟ್ರೇ."

"ಬಸ್ಸಿನ ಅಲುಗಾಟಕ್ಕೆ ಹಾಗೆ. ಇಳೀರಿ, ಚಹಾ ಆರಿಹೋಗ್ತದೆ" ಎಂದೆ. ಅದು ಉಸಿರುಗಟ್ಟಿದ ಕೂಗೆಂದು ತಿಳಿಯಬೇಕಾದವನು ನಾನು.

ತುಪ್ಪದ ಎಳೆ ಇಳಿದ ಮರುಗಳಿಗೆಯೇ ಆ ಪೆಟ್ಟಿಗೆಯ ಮುಚ್ಚಳ ಸಡಿಲಿರಬೇಕು. ಹುಳಗಳು ಕಿಟಕಿಯಿಂದ ಒಳಗೆ ನುಗ್ಗಿದವು. ಡ್ರೈವರನ ರೆಪ್ಪೆಗೆ ಒಂದು ಕಚ್ಚಿತು. ಬಸ್ಸು ಎಡಕ್ಕೆ ಜಾರಿ, ಎರಡು ಚಕ್ರ ರಸ್ತೆಯಿಂದ ಇಳಿದು ವಾಲಿ ನಿಂತಿತು. ಕೆಳಗೆ ಆಳವಾದ ಕೊರಕಲು. ಬಸ್ಸಿನ ಬಾಗಿಲಿದ್ದದ್ದು ಅದೇ ಕಡೆಗೆ. ಇನ್ನು ಡ್ರೈವರನ ಸಣ್ಣ ಬಾಗಿಲೊಂದೇ ದಾರಿ. ಸುಮಾರು ಮೂವತ್ತು ಜನ ಒಬ್ಬೊಬ್ಬರಾಗಿ ಅದರಲ್ಲೇ ಇಳಿಯಬೇಕು.

ಹೊರಗೆ ನಿಂತ ಕಂಡಕ್ಟರ್ ಒಬ್ಬೊಬ್ಬರನ್ನೇ ಎಳೆದುಕೊಳ್ಳುತ್ತಿದ್ದ. ನಾನು ಒಳಗೆ ಸೀಟಿನ ಸರಳು ಹಿಡಿದು ನಿಂತುಬಿಟ್ಟಿದ್ದೆ. ಒಬ್ಬ ತಾಯಿ ತನ್ನ ಮಗುವನ್ನು ನನ್ನ ತೋಳಿಗೆ ತುರುಕಿ "ದಾಟ್ಸಿ!" ಎಂದು ಕಿರುಚಿದ ಮೇಲೆಯೇ ನನಗೆ ಕೈ ಬಂದದ್ದು. ಅಷ್ಟರಲ್ಲಿ ಹುಚ್ಚಪ್ಪನವರು ಹೊರಗೆ ಹಾರಿ ಹಿಂದಿನ ಏಣಿ ಏರಿದ್ದರು.

"ಮೇಷ್ಟ್ರೇ, ಉಳಿದ ಐದರ ಬಾಗಿಲು ತೆಗೀಲಾ? ಒಳಗೆ ಬೇಯ್ತಾ ಅವೆ!"

"ತೆಗೆದ್ರೆ ನಿನ್ ಕೈ ಮುರೀತೀನಿ ಕಣೋ!" ಕಂಡಕ್ಟರ್ ಕೂಗಿದ. "ಮಕ್ಕಳು ಮರಿ ಇನ್ನೂ ಒಳಗವೆ!"

ಹುಚ್ಚಪ್ಪನವರು ನನ್ನ ಮಾತಿಗೆ ಕಾದರು. ನಾನು ಮಗುವನ್ನು ಕಂಡಕ್ಟರನ ಕೈಗೆ ದಾಟಿಸಿ ಮತ್ತೆ ಒಳಗೆ ತಿರುಗಿದೆ. ಅವರೇ ತೀರ್ಮಾನ ಮಾಡಿದರು. ಏಣಿಯ ಮೇಲೆ ನಿಂತು ಪೆಟ್ಟಿಗೆಗಳ ಮೇಲೆ ಅಂಗೈಯಿಟ್ಟು, ಜನ ಇಳಿದು ಮುಗಿಯುವವರೆಗೆ ಕಾದರು. ಕೊನೆಗೆ ಉಳಿದವಳು ಸೊಂಟ ಬಗ್ಗದ ಒಬ್ಬ ಮುದುಕಿ. ಅವಳನ್ನು ಇಳಿಸುವಷ್ಟರಲ್ಲಿ ಹುಚ್ಚಪ್ಪನವರು ಮೆಲ್ಲಗೆ, "ಇದು ಸುಮ್ಮನಾತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇದೂ" ಎಂದರು.

ಎಲ್ಲರೂ ದೂರ ಹೋದ ಮೇಲೆ ಅವರು ಉಗುರಿನಿಂದಲೇ ಮಣ್ಣು ಕೆರೆದರು. ನಾಲ್ಕು ಪೆಟ್ಟಿಗೆಗಳಿಂದ ತುಪ್ಪದಲ್ಲಿ ನೆನೆದು ಕಪ್ಪಾದ ಸತ್ತ ಹುಳಗಳು ಇಳಿದವು. ಮುಚ್ಚಳ ಸಡಿಲಿದ್ದ ಪೆಟ್ಟಿಗೆಯಲ್ಲಿ ರಾಣಿ ಎರಿಯಡಿ ಸಿಕ್ಕಿ ಸತ್ತಿತ್ತು. ಕೊನೆಯದರಿಂದ ಒಂದು ಹಿಡಿಯಷ್ಟು ಹುಳ ತೂರಾಡುತ್ತ ಹೊರಬಂದವು. ಹುಚ್ಚಪ್ಪನವರು ತಲೆಯ ವಸ್ತ್ರ ಬಿಚ್ಚಿ ಅವಕ್ಕೆ ಗಾಳಿ ಬೀಸಿದರು. ಬಳಿಕ ಮುಖ ಆಚೆ ತಿರುಗಿಸಿ, "ನನ್ನ ಕೈಯಾರೆ ಕೊಂದೆ" ಎಂದರು. ತಪ್ಪು ನನ್ನದೆಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಬೇರೆ ಬಸ್ಸಿನವರು ಪೆಟ್ಟಿಗೆ ನೋಡಿ ನಮ್ಮನ್ನು ಹತ್ತಿಸಿಕೊಳ್ಳಲಿಲ್ಲ. ಬಿಸಿಲಿಳಿದ ಮೇಲೆ ಮರದ ನಾಟಾ ಸಾಗಿಸುವ ಲಾರಿಯೊಂದು ಕರುಣೆ ತೋರಿತು. ಖಾಲಿಯಾದ ಐದನ್ನು ನಾಟಾದ ಮೇಲೆ ಹಾಕಿ, ಬಾಗಿಲಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ ಒಂದೇ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ದೀಪ ಹಚ್ಚುವ ಹೊತ್ತಿಗೆ ತೀರ್ಥಹಳ್ಳಿ ಮುಟ್ಟಿದೆವು. ಸಂಘದ ಹಿರಿಯ ಸದಸ್ಯೆ ಪದ್ಮಕ್ಕನ ಮನೆಯಲ್ಲಿ ಇಳಿದುಕೊಂಡೆವು. ಅವರು ಪೆಟ್ಟಿಗೆ ತೆರೆದು, ರಾಣಿ ಬದುಕಿರುವುದನ್ನು ಕಂಡು, ಬಾಗಿಲಿಗಂಟಿದ್ದ ಮಣ್ಣನ್ನು ಬೆರಳಿನಿಂದ ಉಜ್ಜಿದರು.

"ಎಂತ ಮಾರಾಯ್ರೆ, ಜೇನಿಗೆ ಉಸಿರಾಟ ಇಲ್ಲ ಅಂತ ನಿಮ್ಮ ಕಾಲೇಜಲ್ಲಿ ಕಲ್ಸಿದ್ರಾ?"

ಹುಚ್ಚಪ್ಪನವರು ತಲೆ ತಗ್ಗಿಸಿದರು. ಪದ್ಮಕ್ಕ ಕೇಳಿದ್ದು ನನ್ನನ್ನು.

ಮಂಗಳವಾರ ಸಂಜೆ ಅವರ ಅಂಗಳದಲ್ಲಿ ಹತ್ತಾರು ಸದಸ್ಯರು ಸೇರಿದರು. ಪಾಠ ಮಾಡಬೇಕಾದ ಜಾಗದಲ್ಲಿ ನಿಂತು ನಡೆದದ್ದೆಲ್ಲ ಹೇಳಿದೆ: ಬಲೆಯ ಮಾತು ಬಿಟ್ಟದ್ದು, ಮೆತ್ತಿದ್ದನ್ನು ಹೊಗಳಿದ್ದು, ಕೂಗನ್ನು ಕಡೆಗಣಿಸಿದ್ದು. ಕೊನೆಗೆ ಹುಚ್ಚಪ್ಪನವರೇ, "ಮೆತ್ತಿದ್ದು ನಾನೇ ಅಲ್ವಾ ಮೇಷ್ಟ್ರೇ. ಒಬ್ರೇ ಹೊರಬ್ಯಾಡಿ" ಎಂದರು.

"ಇಬ್ರೂ ಆಮೇಲೆ ಅಳಿ" ಎಂದರು ಪದ್ಮಕ್ಕ. "ರಾಣಿ ಉಳ್ದಿದೆ. ಈ ಜೇನು ಕುಟುಂಬ ಬಲ ಹಿಡಿದ್ರೆ ಬರೋ ಹಂಗಾಮಿಗೆ ಒಡೆದು ಮೂರು ಮಾಡ್ಬಹುದು. ಮುಂದಕ್ಕೆ ಎಲ್ರೂ ಸೇರಿ ಉಳಿದ ಖಾಲಿ ಪೆಟ್ಟಿಗೆನೂ ತುಂಬಿಸುವ."

ಅವರು ಮೊದಲು ತಮ್ಮ ಪೆಟ್ಟಿಗೆಯಿಂದ ಮರಿಗಳಿದ್ದ ಒಂದು ಎರಿಯನ್ನು ಹುಳಗಳ ಸಮೇತ ಎತ್ತಿ ಕೊಟ್ಟರು. ಹತ್ತಿರದ ಮನೆಯ ಮೂವರು ತಲಾ ಒಂದು ತಂದರು. ಪರಕೀಯ ಹುಳ ನೇರ ಸೇರಿದರೆ ಕಾದಾಡಿ ರಾಣಿಯನ್ನೇ ಕೊಂದಾವು. ಅದಕ್ಕೇ ಕೆಳಗೆ ಹುಚ್ಚಪ್ಪನವರ ಪೆಟ್ಟಿಗೆ, ಮೇಲೆ ಕೊಟ್ಟ ಎರಿಗಳು, ನಡುವೆ ಒಂದು ಹಾಳೆ ಹಳೆಯ ವೃತ್ತಪತ್ರಿಕೆ. ಎರಡೂ ಕಡೆಯ ಹುಳಗಳು ನಿಧಾನಕ್ಕೆ ಕಾಗದ ಕತ್ತರಿಸುವಷ್ಟರಲ್ಲಿ ವಾಸನೆ ಬೆರೆತು ಒಂದಾಗಬೇಕು. ಒಂದಾದರೆ ಕಾಗದದ ಚೂರು ಬಾಗಿಲಲ್ಲಿ ಬೀಳುತ್ತದೆ, ಕಾದಾಡಿದರೆ ಹೆಣ.

ಮೂರು ರಾತ್ರಿ ನನಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಬಸ್ಸು ವಾಲುತ್ತಿತ್ತು, "ತೆಗೀಲಾ?" ಎಂದು ಕೇಳಿಸುತ್ತಿತ್ತು. ಪಕ್ಕದ ಚಾಪೆಯಲ್ಲಿ ಹುಚ್ಚಪ್ಪನವರೂ ಹೊರಳುತ್ತಿದ್ದರು. ಇಬ್ಬರೂ ಎಚ್ಚರವಿರುವುದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹುಚ್ಚಪ್ಪನವರು ಹೊರಗಿನಿಂದ ಬಂದು ನನ್ನೆದುರು ಅಂಗೈ ಬಿಚ್ಚಿದರು. ಅವಲಕ್ಕಿಯ ಪುಡಿಯಂತೆ ಕಾಗದದ ಚೂರು. ಒಂದೆರಡರ ಮೇಲೆ ಅಕ್ಷರ ಇನ್ನೂ ಓದುವಂತಿತ್ತು. "ಹೆಣ?" ಎಂದು ಕೇಳಿದೆ. "ಒಂದೂ ಇಲ್ಲ" ಎಂದರು.

ಆ ಹಗಲು ಹೊಸ ಜಾಗಕ್ಕೆ ಹೋಗಿ ಪೆಟ್ಟಿಗೆಗೆ ನೆರಳು ಹುಡುಕಿ ಬಂದೆವು. ಶನಿವಾರ ನನ್ನ ಭುಜ ಅಲುಗಿಸಿದ್ದು ಪದ್ಮಕ್ಕ. ಅಂಗಳದಲ್ಲಿ ಬಿಸಿಲು ತುಂಬಿತ್ತು. ಹುಚ್ಚಪ್ಪನವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

"ಏಳಿ ಮಾರಾಯ್ರೆ" ಎಂದರು ಪದ್ಮಕ್ಕ. "ಹುಳ ಎದ್ದು ಕೆಲಸಕ್ಕೆ ಹೋಗಿ ಒಂದು ಹೊತ್ತಾಯ್ತು."